ಎರಡು ಕೋಣೆ, ಐದು ತರಗತಿ

ಒಂಬತ್ತೂವರೆಗೆ ಮೊದಲೇ ಶಾಲೆಯ ಗೇಟಿನ ಬಳಿ ಚೀಲಗಳು ಸಾಲಾಗಿ ಕೂತಿರುತ್ತವೆ. ಚೀಲದ ಒಡೆಯರು ಮಾತ್ರ ಅಲ್ಲಿಲ್ಲ. ಒಬ್ಬ ಹುಣಸೆಮರದ ಬುಡದಲ್ಲಿ ಬಿದ್ದ ಕಾಯಿ ಹುಡುಕುತ್ತಿದ್ದಾನೆ. ಇನ್ನಿಬ್ಬರು ಪಕ್ಕದ ಗದ್ದೆಯ ಬದುವಿನಲ್ಲಿ ಏಡಿಯ ಬಿಲ ಇಣುಕುತ್ತಿದ್ದಾರೆ. ಐದನೇ ತರಗತಿಯ ಹುಡುಗಿಯೊಬ್ಬಳು ಎದುರುಮನೆಗೆ ಓಡಿ ಬೀಗದಕೈ ಗೊಂಚಲು ತಂದದ್ದೇ ತಡ, ಎಲ್ಲರೂ ಎಲ್ಲೆಲ್ಲಿಂದಲೋ ಪ್ರತ್ಯಕ್ಷ. ಬೀಗ ತೆಗೆಯುವ ಹಕ್ಕು ಐದನೆಯವರದು. ಅಂಗಳದ ಎಲೆ ಗುಡಿಸುವ ಸರದಿ ಇವತ್ತು ಯಾರದು ಎಂಬ ಜಗಳ ದಿನಾ ಇದ್ದದ್ದೇ. ಅಷ್ಟರಲ್ಲಿ ತಿರುವಿನಲ್ಲಿ ಮೇಷ್ಟ್ರ ಬೈಕಿನ ಸದ್ದು. ಜಗಳ ಅಲ್ಲಿಗೇ ನಿಂತು ಪೊರಕೆ ಚುರುಕಾಗುತ್ತದೆ.

ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಕಾಣುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದು. ಒಂದರಿಂದ ಐದರವರೆಗೆ ತರಗತಿ, ಹಂಚಿನದೋ ತಾರಸಿಯದೋ ಎರಡು ಕೋಣೆ, ಒಂದು ಅಡುಗೆಮನೆ, ನೀರಿನ ತೊಟ್ಟಿ, ಧ್ವಜಕಂಬ. ಮಕ್ಕಳು ಇಪ್ಪತ್ತೈದೋ ಮೂವತ್ತೋ. ಕಲಿಸುವವರು ಇಬ್ಬರು. ಹಳೇ ಮೈಸೂರಿನ ಕಡೆ ಅವರು ಮೇಷ್ಟ್ರು ಮತ್ತು ಮಿಸ್ಸು. ಉತ್ತರ ಕನ್ನಡದಲ್ಲಿ ಮಾಸ್ತರು ಮತ್ತು ಅಕ್ಕೋರು. ಕರಾವಳಿಯಲ್ಲಿ ಮಾಷ್ಟ್ರು ಮತ್ತು ಟೀಚರು. ಹೆಸರು ಏನೇ ಇರಲಿ, ಮಕ್ಕಳ ಪಾಲಿಗೆ ಊರಿನಲ್ಲಿ ಅವರಿಗಿಂತ ದೊಡ್ಡವರು ಬೇರೆ ಯಾರೂ ಇಲ್ಲ. ಮನೆಯಲ್ಲಿ ಅಪ್ಪ ಹೇಳಿದ್ದು ತಪ್ಪಾಗಬಹುದು, ಟೀಚರ್ ಹೇಳಿದ್ದು ತಪ್ಪಾಗುವಂತಿಲ್ಲ. ಇದನ್ನು ಮಕ್ಕಳಿರುವ ಪ್ರತಿ ಮನೆಯೂ ಬಲ್ಲದು.

ಗಂಟೆ ಎಂದರೆ ಅನೇಕ ಕಡೆ ಈಗಲೂ ಮರಕ್ಕೋ ಜಗಲಿಯ ತೊಲೆಗೋ ತೂಗುಹಾಕಿದ ಕಬ್ಬಿಣದ ತುಂಡು. ಅದನ್ನು ಬಡಿಯುವ ಕೆಲಸಕ್ಕೆ ಎಂದೂ ಜನರ ಕೊರತೆಯಿಲ್ಲ. ಮೊದಲ ಗಂಟೆಗೆ ಸಾಲು, ಕುಳ್ಳರು ಮುಂದೆ, ಎತ್ತರದವರು ಹಿಂದೆ. ನಾಡಗೀತೆ, ಆಮೇಲೆ ಪತ್ರಿಕೆಯಿಂದ ಓದಿದ ಎರಡು ಮೂರು ಸುದ್ದಿ, ಒಂದು ಗಾದೆ. 2023ರ ಸೆಪ್ಟೆಂಬರಿನಿಂದ ಸಂವಿಧಾನದ ಪೀಠಿಕೆಯ ವಾಚನವೂ ಸೇರಿದೆ. ‘ಸಾರ್ವಭೌಮ’ ಎಂಬ ಪದ ಬಂದಾಗ ಒಂದನೇ ತರಗತಿಯ ನಾಲಿಗೆಗಳು ಎಡವುತ್ತವೆ. ಹಿಂದಿನ ಸಾಲಿನವರು ಜೋರಾಗಿ ಹೇಳಿ ಅವರನ್ನು ದಾಟಿಸುತ್ತಾರೆ. ದೊಡ್ಡವರು ಚಿಕ್ಕವರನ್ನು ದಾಟಿಸುವ ಈ ಕೆಲಸ ಸಂಜೆಯವರೆಗೂ ನಡೆಯುತ್ತಲೇ ಇರುತ್ತದೆ. ಇಂಥ ಶಾಲೆ ನಿಂತಿರುವುದೇ ಅದರ ಮೇಲೆ.

ನಿಮಿಷದ ಲೆಕ್ಕ

ಇಬ್ಬರೇ ಏಕೆ ಎಂದರೆ ಉತ್ತರ ಕಾನೂನಿನಲ್ಲಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದರವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಮೂವತ್ತು ಮಕ್ಕಳಿಗೆ ಒಬ್ಬರು ಎಂದಾಯಿತು. ಕೇಳಲು ಒಳ್ಳೆಯ ಲೆಕ್ಕವೇ. ಪಟ್ಟಣದ ಎಷ್ಟೋ ಶಾಲೆಗಳಲ್ಲಿ ಒಬ್ಬರ ಮುಂದೆ ಅದಕ್ಕಿಂತ ಹೆಚ್ಚು ಮಕ್ಕಳು ಕೂತಿರುತ್ತಾರೆ. ಆದರೆ ಆ ಮಕ್ಕಳೆಲ್ಲ ಒಂದೇ ತರಗತಿಯವರು. ಇಲ್ಲಿ ಇಪ್ಪತ್ತೆಂಟೇ ಮಕ್ಕಳಿದ್ದರೂ ತರಗತಿ ಐದು. ಕಾಯಿದೆ ಮಕ್ಕಳನ್ನು ಎಣಿಸಿತು, ತರಗತಿಗಳನ್ನು ಎಣಿಸಲಿಲ್ಲ.

ಅದೇ ಕಾಯಿದೆ ಈ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆಗಳ ಬೋಧನೆ ಇರಬೇಕು ಎನ್ನುತ್ತದೆ. ನಾಲ್ಕು ಮತ್ತು ಐದನೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡ ಮೇಷ್ಟ್ರು 800 ಗಂಟೆ ಪೂರ್ತಿ ಪಾಠ ಮಾಡಿದರೂ ಒಂದೊಂದು ತರಗತಿಗೆ ಸಿಗುವುದು 400 ಗಂಟೆ. ಒಂದು, ಎರಡು, ಮೂರು ಸೇರಿ ಕೂತ ಕೋಣೆಯಲ್ಲಿ ಪಾಲು ಇನ್ನೂ ಚಿಕ್ಕದು. 40 ನಿಮಿಷದ ಒಂದು ಅವಧಿಯಲ್ಲಿ ನಾಲ್ಕನೆಯವರಿಗೆ 20 ನಿಮಿಷ ಗಣಿತ ಹೇಳಿಕೊಡುವಾಗ ಐದನೆಯವರು ಏನು ಮಾಡುತ್ತಿರುತ್ತಾರೆ? ಶಾಲೆ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದವರು ಕೇಳಬೇಕಾದ ಪ್ರಶ್ನೆ ಇದೇ. ಗೋಡೆಯ ಬಣ್ಣ, ಟೈ, ಬೂಟು ಇದನ್ನು ಹೇಳುವುದಿಲ್ಲ.

ಆ ಉಳಿದ ನಿಮಿಷಗಳು ವ್ಯರ್ಥವಾಗಲೇಬೇಕು ಎಂದೇನೂ ಇಲ್ಲ. ಅವನ್ನು ತುಂಬುವ ಜಾಣತನ ಹೊಸದೂ ಅಲ್ಲ. ಹಿಂದೆ ಐಗಳ ಮಠದಲ್ಲಿ ಹಿರಿಯ ಹುಡುಗ ಮರಳಿನ ಮೇಲೆ ಅಕ್ಷರ ಬರೆದು ಕಿರಿಯನ ಕೈ ಹಿಡಿದು ತಿದ್ದಿಸುತ್ತಿದ್ದ. ಮದ್ರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಂಥ ಮರಳು ಬರಹವನ್ನು ಕಂಡು, ಅದನ್ನೇ ತನ್ನ ಶಾಲೆಯಲ್ಲಿ ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ಇಂಗ್ಲೆಂಡಿನಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು. ನಮ್ಮ ಜಗಲಿಯ ವಿದ್ಯೆ ಹಡಗು ಹತ್ತಿ ಹೋಗಿ ಬಡವರ ಮಕ್ಕಳಿಗೆ ಅಗ್ಗದಲ್ಲಿ ಅಕ್ಷರ ಕಲಿಸುವ ಉಪಾಯವಾಯಿತು. ನಮ್ಮಲ್ಲಿ ಮಾತ್ರ ಶಾಲೆ ಎಂದರೆ ಮೇಷ್ಟ್ರು ಹೇಳುವುದು, ಮಕ್ಕಳು ಕೈಕಟ್ಟಿ ಕೇಳುವುದು ಎಂದಾಗಿಬಿಟ್ಟಿತು.

ಗರಗಸ, ಅಗಸ, ಅರಸ

ಮೊದಲ ಕೋಣೆಯ ಬಾಗಿಲಲ್ಲಿ ನಿಂತವರಿಗೆ ಒಳಗೆ ಸಂತೆ ನಡೆಯುತ್ತಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ. ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರಗಳು, ಅವುಗಳಿಂದ ತೂಗಾಡುವ ಚಿತ್ರ, ಕಾಗದದ ಹೂವು, ಬರೆದ ಹಾಳೆ. ಇದು ಕಲಿಕಾ ಚಪ್ಪರ. ಗೋಡೆಯ ಕೆಳಭಾಗಕ್ಕೆ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಕಪ್ಪು ಬಣ್ಣ ಬಳಿದು ಮನೆ ಮನೆ ಮಾಡಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಮನೆ. ಬಾಗಿಲ ಪಕ್ಕ ಹವಾಮಾನ ನಕ್ಷೆ. ಇವತ್ತು ಮೋಡವೋ ಬಿಸಿಲೋ ಎಂದು ಹೊರಗೆ ಹೋಗಿ ನೋಡಿಬಂದು ಗುರುತು ಹಾಕಬೇಕು. ಬಿಸಿಲೂ ಮಳೆಯೂ ಕೂಡಿ ಬಂದ ದಿನ ದೊಡ್ಡ ಚರ್ಚೆ.

ಬೆಂಚಿಲ್ಲ. ನೆಲದ ಮೇಲೆ ಐದು ಗುಂಪು. ಒಂದನೆಯ ಗುಂಪಿನೊಂದಿಗೆ ಟೀಚರ್ ಪೂರ್ತಿ ಕೂತಿದ್ದಾರೆ. ಎರಡನೆಯದಕ್ಕೆ ಆಗಾಗ ಇಣುಕುತ್ತಾರೆ. ಮುಂದಿನೆರಡು ಗುಂಪುಗಳಲ್ಲಿ ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿಗೆ ಹೇಳಿಕೊಡುತ್ತದೆ. ಕೊನೆಯ ಗುಂಪು ತಾನೇ ಕಲಿಯುವವರದು. ಯಾವ ಗುಂಪಿನಲ್ಲೂ ಎಲ್ಲರೂ ಒಂದೇ ತರಗತಿಯವರಲ್ಲ. ಎರಡನೆಯ ಹುಡುಗ ಮೂರನೆಯವಳ ಪಕ್ಕ ಕೂತು ಕಾರ್ಡು ನೋಡುತ್ತಿದ್ದಾನೆ. ಗೋಡೆಯ ಮೇಲಿನ ‘ಕಲಿಕಾ ಏಣಿ’ಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಪ್ರತಿ ಮಗುವಿಗೂ ಗೊತ್ತು. ಕಾರ್ಡಿನ ಮೇಲಿನ ಪುಟ್ಟ ಚಿತ್ರ ನೋಡಿ ಅದು ತಟ್ಟೆಯಿಂದ ತನ್ನ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ.

ಇದು ನಲಿ–ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿಯ ಬಳಿಯ ರಿಷಿವ್ಯಾಲಿಗೆ ಹೋಗಿ, ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಲ್ಲಿ ಕಾರ್ಡುಗಳಿಂದ ಕಲಿಸುವುದನ್ನು ನೋಡಿಬಂದರು. ತಮ್ಮ ಊರಿನ ಹಾಡು, ಕಥೆ, ಆಟ ಸೇರಿಸಿ ಕಾರ್ಡುಗಳನ್ನು ತಾವೇ ಬರೆದರು. ಮೇಲಿನಿಂದ ಬಂದ ಸುತ್ತೋಲೆಯಿಂದಲ್ಲ, ಕಾಡಂಚಿನ ತಾಲ್ಲೂಕೊಂದರ ಪ್ರಾಥಮಿಕ ಶಾಲೆಯ ಶಿಕ್ಷಕರ ಕೈಯಿಂದ ಹುಟ್ಟಿದ್ದು ಅದರ ಹೆಚ್ಚುಗಾರಿಕೆ. 2009–10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಅದು ಹರಡಿತು.

ತಂದೆತಾಯಿ ಮೊದಲು ಗಾಬರಿಯಾಗುವುದು ಅಕ್ಷರದ ವಿಷಯದಲ್ಲಿ. ಶಾಲೆಗೆ ಸೇರಿ ತಿಂಗಳಾದರೂ ಮಗು ಅ ಆ ಇ ಈ ಹೇಳುವುದಿಲ್ಲ! ನಲಿ–ಕಲಿ ಶುರುವಾಗುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಬರೆಯಲು ಸುಲಭ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರ. ಅಷ್ಟೇ ಅಲ್ಲ, ಈ ಐದು ಬಂದವೆಂದರೆ ಸರ, ದರ, ಅಗಸ, ಅರಸ, ಗರಗಸ, ದಸರ ಎಲ್ಲ ಓದಬಹುದು. ಐವತ್ತು ಅಕ್ಷರ ಬಾಯಿಪಾಠವಾಗುವವರೆಗೆ ಕಾಯದೆ, ಐದೇ ಅಕ್ಷರಕ್ಕೆ ಮಗು ‘ಓದುವವ’ನಾಗಿಬಿಡುತ್ತಾನೆ. ಮನೆಯಲ್ಲಿ ಅಜ್ಜ ‘ಅ ಆ ಹೇಳೋ’ ಎಂದರೆ ತಬ್ಬಿಬ್ಬಾಗುವ ಹುಡುಗ, ‘ಗರಗಸ ಬರಿ’ ಎಂದರೆ ನೆಲದ ಮೇಲೆ ಸರಸರ ಗೀಚುತ್ತಾನೆ. ಅಜ್ಜನೇ ತಬ್ಬಿಬ್ಬು.

ಈ ಏಣಿಯ ಇನ್ನೊಂದು ಗುಣ ಬಡವರ ಮಕ್ಕಳಿಗೆ ದೊಡ್ಡದು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಉತ್ತರ ಕರ್ನಾಟಕದ ಕುಟುಂಬಗಳು ಮಕ್ಕಳನ್ನೂ ಕರೆದೊಯ್ಯುವುದುಂಟು. ಮಲೆನಾಡಿನಲ್ಲಿ ಜ್ವರ ಹಿಡಿದರೆ, ಹಳ್ಳ ತುಂಬಿದರೆ ವಾರಗಟ್ಟಲೆ ಗೈರು. ಪಠ್ಯಪುಸ್ತಕದ ತರಗತಿಯಲ್ಲಿ ಹಿಂದಿರುಗಿದ ಮಗು ಹನ್ನೆರಡನೇ ಪಾಠದ ಮುಂದೆ ಕಣ್ಣು ಬಿಡುತ್ತ ಕೂರಬೇಕು. ಇಲ್ಲಿ ಹಾಗಲ್ಲ, ಬಿಟ್ಟುಹೋದ ಮೆಟ್ಟಿಲೇ ಅದಕ್ಕಾಗಿ ಕಾದಿರುತ್ತದೆ.

ಹಾಗೆಂದು ಎಲ್ಲ ಕಡೆ ಇದು ಚೆಂದವಾಗಿಯೇ ನಡೆಯುತ್ತಿದೆ ಎಂದರೆ ಸುಳ್ಳಾದೀತು. ಕಾರ್ಡು ಹರಿದು, ಕಳೆದು, ಏಣಿಯ ನಡುವೆ ಮೆಟ್ಟಿಲೇ ಇಲ್ಲದ ಶಾಲೆಗಳಿವೆ. ಟೀಚರಿಗೆ ಮನಸ್ಸಿಲ್ಲದಿದ್ದರೆ ‘ಸ್ವಕಲಿಕೆ’ ಎಂಬುದು ಮಕ್ಕಳನ್ನು ಸುಮ್ಮನೆ ಕೂರಿಸುವುದಕ್ಕೆ ಒಳ್ಳೆಯ ಹೆಸರು ಅಷ್ಟೇ. ಒಬ್ಬರೇ ಇಪ್ಪತ್ತು ಮಕ್ಕಳ ಇಪ್ಪತ್ತು ಮೆಟ್ಟಿಲು ನೆನಪಿಟ್ಟುಕೊಂಡು, ದಿನಾ ಗುರುತು ಹಾಕುತ್ತ ಹೋಗುವುದು ಸಾಮಾನ್ಯ ಕೆಲಸವಲ್ಲ.

ಎರಡು ಭಾಗವಾದ ಕಪ್ಪುಹಲಗೆ

ಪಕ್ಕದ ಕೋಣೆಯಲ್ಲಿ ಗದ್ದಲ ಕಡಿಮೆ. ಕಪ್ಪುಹಲಗೆಯ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ. ಎಡಕ್ಕೆ ನಾಲ್ಕನೇ ತರಗತಿ, ಬಲಕ್ಕೆ ಐದನೆಯದು. ಮೇಷ್ಟ್ರು ಎಡಗಡೆ ಭಾಗಾಕಾರ ಹೇಳಿಕೊಡುತ್ತಿದ್ದರೆ ಬಲಗಡೆ ಭಿನ್ನರಾಶಿಯ ಐದು ಲೆಕ್ಕ ಕಾಯುತ್ತಿರುತ್ತವೆ. ಬೇಗ ಮುಗಿಸಿದವರು ಮುಗಿಸದವರ ಬಳಿ ಹೋಗಬೇಕು. ಉತ್ತರ ತೋರಿಸುವಂತಿಲ್ಲ, ಎಲ್ಲಿ ತಪ್ಪಿತು ಎಂದಷ್ಟೇ ಹೇಳಬೇಕು. ಇದು ಬಾಯಲ್ಲಿ ಹೇಳುವಷ್ಟು ಸುಲಭವಲ್ಲ. ಹತ್ತು ವರ್ಷದವರಿಗೆ ಉತ್ತರ ಬಚ್ಚಿಟ್ಟುಕೊಳ್ಳುವುದೇ ದೊಡ್ಡ ತಪಸ್ಸು.

ಈ ಕೋಣೆಯ ಒಂದು ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕನೆಯ ಹುಡುಗಿ ತನ್ನ ಕೆಲಸ ಮುಗಿಸಿ ಐದನೆಯವರ ಪಾಠಕ್ಕೆ ಕಿವಿ ಕೊಟ್ಟಿರುತ್ತಾಳೆ. ಮುಂದಿನ ವರ್ಷ ಅದೇ ಪಾಠ ಬಂದಾಗ ಅವಳಿಗೆ ಅದು ಹಳೆಯ ನೆಂಟ. ಐದನೆಯಲ್ಲಿ ಕೂತು ನಾಲ್ಕನೆಯದನ್ನು ಮರೆತವನಿಗೂ ಎಡಗಡೆಯ ಹಲಗೆ ಸದ್ದಿಲ್ಲದೆ ನೆನಪಿಸುತ್ತದೆ. ಪ್ರತ್ಯೇಕ ಕೋಣೆಗಳಿರುವ ದೊಡ್ಡ ಶಾಲೆಯ ಮಕ್ಕಳಿಗೆ ಈ ಕದ್ದು ಕೇಳುವ ಭಾಗ್ಯವಿಲ್ಲ.

ಇಂಗ್ಲಿಷ್ ಅವಧಿ ಬಂದಾಗ ಮಾತ್ರ ಕೋಣೆ ಸ್ವಲ್ಪ ತಣ್ಣಗಾಗುತ್ತದೆ. 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಆದರೆ ಊರಿನ ಬೀದಿಯಲ್ಲಿ, ಮನೆಯಲ್ಲಿ, ಅಂಗಡಿಯಲ್ಲಿ ಎಲ್ಲೂ ಕಿವಿಗೆ ಬೀಳದ ಭಾಷೆಯನ್ನು ದಿನಕ್ಕೆ ಇಪ್ಪತ್ತು ನಿಮಿಷದಲ್ಲಿ ನಾಲಿಗೆಗೆ ತರುವುದು ಹೇಗೆ ಎಂಬುದಕ್ಕೆ ಒಳ್ಳೆಯ ಮೇಷ್ಟ್ರ ಬಳಿಯೂ ಪೂರ್ತಿ ಉತ್ತರವಿಲ್ಲ.

ಹಾಲು, ಅನ್ನ, ಮತ್ತು ಒಂದೇ ಸಾಲು

ಬೆಳಗಿನ ಬಿಡುವಿಗೆ ಹಾಲು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದ ಲೆಕ್ಕ ಹೀಗೆ: ಮಗುವೊಂದಕ್ಕೆ 18 ಗ್ರಾಂ ಹಾಲಿನಪುಡಿ, ಅದರಿಂದ 150 ಮಿಲಿಲೀಟರ್ ಹಾಲು. ಮಧ್ಯಾಹ್ನದ ಊಟಕ್ಕೆ ಈ ತರಗತಿಗಳ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಹಾಜರಿ ಮುಗಿದ ಕೂಡಲೇ ಐದನೆಯವರಲ್ಲಿ ಒಬ್ಬರು ಅಡುಗೆಮನೆಗೆ ಸಂಖ್ಯೆ ತಲುಪಿಸಬೇಕು. ಇವತ್ತು 28 ಮಕ್ಕಳು. ಅಕ್ಕಿ 2 ಕಿಲೋ 800 ಗ್ರಾಂ, ಬೇಳೆ 560 ಗ್ರಾಂ, ತರಕಾರಿ 1 ಕಿಲೋ 400 ಗ್ರಾಂ. ಚುರುಕಾದ ಮೇಷ್ಟ್ರು ಇದನ್ನು ಮಕ್ಕಳಿಂದಲೇ ಮಾಡಿಸುತ್ತಾರೆ. ಗುಣಾಕಾರ ತಪ್ಪಿದರೆ ಮಧ್ಯಾಹ್ನ ಸಾರು ತೆಳ್ಳಗಾಗುತ್ತದೆ ಎಂಬ ಭಯಕ್ಕಿಂತ ಒಳ್ಳೆಯ ಗಣಿತ ಮೇಷ್ಟ್ರಿಲ್ಲ!

ಇದು ಸುಮ್ಮನೆ ಬಂದದ್ದಲ್ಲ. 1995ರಲ್ಲಿ ಕೇಂದ್ರ ಸರ್ಕಾರ ಯೋಜನೆ ಆರಂಭಿಸಿದಾಗ ಎಷ್ಟೋ ಕಡೆ ಮಕ್ಕಳಿಗೆ ಸಿಕ್ಕಿದ್ದು ಬೇಯಿಸಿದ ಅನ್ನವಲ್ಲ, ತಿಂಗಳಿಗೆ 3 ಕಿಲೋ ಧಾನ್ಯ. ಅದೂ ಶೇ 80ರಷ್ಟು ಹಾಜರಿ ಇದ್ದರೆ. ಚೀಲ ಮನೆಗೆ ಹೋಗುತ್ತಿತ್ತು, ಮಗುವಿನ ಮಧ್ಯಾಹ್ನದ ಹೊಟ್ಟೆ ಖಾಲಿಯೇ. ಬಿಸಿಯೂಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆಯೂ ಶುರುವಾಗಿ ಆಮೇಲೆ ಎಲ್ಲ ಕಡೆಗೂ ಹಬ್ಬಿತು. ಬೇಡವೆಂದವರಿಗೆ ಬಾಳೆಹಣ್ಣು. ಮೊಟ್ಟೆಯ ದಿನ ಹಾಜರಿ ಪುಸ್ತಕದಲ್ಲಿ ಗೈರಿನ ಗುರುತು ಹುಡುಕಬೇಕು.

ಊಟಕ್ಕೆ ಮೊದಲು ಟೀಚರ್ ಒಂದು ತುತ್ತು ಬಾಯಿಗೆ ಹಾಕಿ ನೋಡಲೇಬೇಕು. ಅದು ನಿಯಮ. ಬಿಹಾರದ ಹಳ್ಳಿಯೊಂದರಲ್ಲಿ 2013ರ ಜುಲೈನಲ್ಲಿ ಶಾಲೆಯ ಊಟ ವಿಷವಾಗಿ 23 ಮಕ್ಕಳು ತೀರಿಕೊಂಡ ಮೇಲೆ ಈ ತುತ್ತಿನ ಬೆಲೆ ಎಲ್ಲರಿಗೂ ತಿಳಿದಿದೆ. ಅಡುಗೆಯವರು ಊರಿನ ಹೆಂಗಸರೇ. ಮಕ್ಕಳ ಬಾಯಲ್ಲಿ ದೊಡ್ಡಮ್ಮ, ಚಿಕ್ಕಮ್ಮ, ಅಕ್ಕ. ಯಾವ ಮಗು ಬದನೆಕಾಯಿ ಎತ್ತಿ ಪಕ್ಕಕ್ಕಿಡುತ್ತದೆ, ಯಾವುದು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ ಎಂದು ಟೀಚರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಮೂರು ಸಲ ಅನ್ನ ಕೇಳಿದ ಹುಡುಗನ ಮನೆಯಲ್ಲಿ ಏನೋ ತೊಂದರೆಯಿದೆ ಎಂಬ ಸುದ್ದಿ ಶಾಲೆಗೆ ಮುಟ್ಟುವುದು ಅಡುಗೆಮನೆಯ ಮೂಲಕವೇ.

ಜಗಲಿಯ ಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಇದನ್ನು ಚಿಕ್ಕ ಸಂಗತಿ ಎಂದು ಭಾವಿಸುವವರು ಊರಿನ ಬೀದಿಗಳನ್ನು ನೋಡಿಲ್ಲ ಎನ್ನಬೇಕು. ಅಡುಗೆಯವರ ನೇಮಕದಲ್ಲಿ ಪರಿಶಿಷ್ಟರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲಿನಲ್ಲಿ ಹೇಳಿತು. ಅಂಥವರು ಮಾಡಿದ ಅಡುಗೆ ಬೇಡವೆಂದು ದೊಡ್ಡವರು ಮಕ್ಕಳನ್ನು ಎಬ್ಬಿಸಿಕೊಂಡು ಹೋದ ಪ್ರಸಂಗಗಳು ನಮ್ಮ ರಾಜ್ಯದಲ್ಲೂ ನಡೆದಿವೆ. ಎದ್ದುಹೋಗಬೇಕೆಂಬುದು ಮಕ್ಕಳಿಗೆ ತಾವಾಗಿ ಹೊಳೆದದ್ದಲ್ಲ. ಅವರ ಜಗಳವೆಲ್ಲ ಸಾಲಿನ ತುದಿಯಲ್ಲಿ ಯಾರು ಕೂರಬೇಕು ಎಂಬುದಷ್ಟೇ. ಅಲ್ಲಿಂದ ತಟ್ಟೆ ತೊಳೆಯುವ ನಲ್ಲಿ ಹತ್ತಿರ.

ಊಟದ ನಂತರದ ಗಂಟೆ ನಿದ್ದೆಯ ಗಂಟೆ. ಒಂದನೇ ತರಗತಿಯ ಇಬ್ಬರಾದರೂ ಕಾರ್ಡಿನ ಮೇಲೆ ತಲೆ ಇಟ್ಟಿರುತ್ತಾರೆ. ಬುದ್ಧಿವಂತ ಟೀಚರ್ ಆ ಹೊತ್ತಿಗೆ ಹಾಡು, ಕಥೆ, ಮಣ್ಣಿನ ಕೆಲಸ ಇಟ್ಟುಕೊಳ್ಳುತ್ತಾರೆ.

ಶಾಲೆಯಲ್ಲೊಂದು ಸರ್ಕಾರವೂ ಇದೆ. ಜೂನಿನಲ್ಲಿ ಚುನಾವಣೆ ನಡೆದು ಶಾಲಾ ಸಂಸತ್ತು ರಚನೆಯಾಗುತ್ತದೆ: ಮುಖ್ಯಮಂತ್ರಿ, ಆಹಾರ ಮಂತ್ರಿ, ಆರೋಗ್ಯ ಮಂತ್ರಿ, ನೀರಾವರಿ ಮಂತ್ರಿ. ನೀರಾವರಿ ಮಂತ್ರಿಯ ಖಾತೆಗೆ ಬರುವುದು ನಾಲ್ಕು ಕರಿಬೇವಿನ ಗಿಡ ಮತ್ತು ಒಂದು ನುಗ್ಗೆ. ಆರೋಗ್ಯ ಮಂತ್ರಿ ಸೋಮವಾರ ಉಗುರು ನೋಡುತ್ತಾನೆ. ತನ್ನದೇ ಉಗುರು ಬೆಳೆದಿದ್ದ ದಿನ ತಪಾಸಣೆ ಮಂಗಳವಾರಕ್ಕೆ ಮುಂದೂಡಲ್ಪಡುತ್ತದೆ. ಮಂತ್ರಿಗಿರಿ ಎಷ್ಟು ಬೇಗ ಅರ್ಥವಾಗಿಬಿಡುತ್ತದೆ ನೋಡಿ!

ಒಬ್ಬರು ಬಾರದ ದಿನ

ಇಷ್ಟೆಲ್ಲ ಇಬ್ಬರೂ ಶಾಲೆಯಲ್ಲಿದ್ದ ದಿನದ ಮಾತು. ಇಬ್ಬರಲ್ಲಿ ಒಬ್ಬರಿಗೆ ತರಬೇತಿ, ಇಲ್ಲವೇ ಬ್ಲಾಕ್ ಕಚೇರಿಯಲ್ಲಿ ಸಭೆ, ಇಲ್ಲವೇ ಮತದಾರರ ಪಟ್ಟಿ. ಇನ್ನೊಬ್ಬರಿಗೆ ಹಾಲಿನ ಪುಸ್ತಕ, ಅಕ್ಕಿಯ ಪುಸ್ತಕ, ಮೊಟ್ಟೆಯ ಪುಸ್ತಕ, ಕಂಪ್ಯೂಟರಿಗೆ ತುಂಬಬೇಕಾದ ಮಕ್ಕಳ ಮಾಹಿತಿ. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವ ಜಾಗ ಹುಡುಕಿಕೊಂಡು ಮೇಷ್ಟ್ರು ಮೊಬೈಲು ಹಿಡಿದು ದಿಬ್ಬ ಹತ್ತುವುದು ಹಾಸ್ಯದ ಸಂಗತಿಯಲ್ಲ. ಅವರು ದಿಬ್ಬದ ಮೇಲಿದ್ದಷ್ಟು ಹೊತ್ತು ಐದು ತರಗತಿಗಳು ಬಾಗಿಲ ಕಡೆ ನೋಡುತ್ತಿರುತ್ತವೆ.

ಜನಗಣತಿ, ವಿಪತ್ತು ಪರಿಹಾರ, ಚುನಾವಣೆ — ಈ ಮೂರನ್ನು ಬಿಟ್ಟು ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯಿದೆಯ 27ನೇ ಕಲಮು ಹೇಳುತ್ತದೆ. ಆದರೆ 2025ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರಲ್ಲಿ ಹೆಚ್ಚಿನವರು ಶಿಕ್ಷಕರೇ. ಅದಕ್ಕಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಸಮೀಕ್ಷೆ ಬೇಡವೆಂದಲ್ಲ. ಆದರೆ ಇಬ್ಬರೇ ಇರುವ ಶಾಲೆಗೆ ಇಂಥ ಪ್ರತಿ ಕೆಲಸದ ಬೆಲೆ ದೊಡ್ಡ ಶಾಲೆಗಿಂತ ಹತ್ತು ಪಾಲು ಹೆಚ್ಚು. ಇಪ್ಪತ್ತು ಶಿಕ್ಷಕರಲ್ಲಿ ಒಬ್ಬರು ಹೋದರೆ ಒಂದು ಅವಧಿ ತಪ್ಪುತ್ತದೆ. ಇಬ್ಬರಲ್ಲಿ ಒಬ್ಬರು ಹೋದರೆ ಅರ್ಧ ಶಾಲೆ ಹೋಗುತ್ತದೆ.

ಗೇಟಿನ ಆಚೆ ಹಳದಿ ವ್ಯಾನು ಬರುವುದನ್ನೂ ಹೇಳಲೇಬೇಕು. ಎಂಟೂವರೆಗೆ ಅದು ಊರಿನ ಹತ್ತು ಮಕ್ಕಳನ್ನು ತುಂಬಿಕೊಂಡು ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುತ್ತದೆ. ಸಾಲ ಮಾಡಿ ಶುಲ್ಕ ಕಟ್ಟುವ ತಂದೆತಾಯಿಯನ್ನು ಬೈದು ಪ್ರಯೋಜನವಿಲ್ಲ. ಮೇಷ್ಟ್ರು ಒಬ್ಬರೇ ಐದು ತರಗತಿ ಕಾಯುತ್ತಿದ್ದ ದಿನ ಅವರ ಕಣ್ಣಿಗೆ ಬಿದ್ದಿರುತ್ತದೆ. ಮಕ್ಕಳು ಕಡಿಮೆಯಾದಂತೆ ಶಾಲೆಗೆ ಇನ್ನೊಂದು ಹುದ್ದೆ ಕೇಳುವ ಬಲವೂ ಕಡಿಮೆ. ಕೊನೆಗೆ ಒಬ್ಬರೇ ಉಳಿದು, ಅವರೂ ವರ್ಗವಾಗಿ, ಮಕ್ಕಳನ್ನು ಮುಂದಿನ ಊರಿನ ಶಾಲೆಗೆ ಸೇರಿಸಿ ಬೀಗ ಹಾಕಿದ ಕಟ್ಟಡಗಳು ಮಲೆನಾಡಿನ ದಾರಿಯಲ್ಲಿ ಎಷ್ಟೋ ಸಿಗುತ್ತವೆ. ಧ್ವಜಕಂಬ ಮಾತ್ರ ನೆಟ್ಟಗೆ ನಿಂತಿರುತ್ತದೆ.

ಇದಕ್ಕೆ ಎದುರಾಗಿ ಊರಿನ ಕೈಯಲ್ಲಿರುವ ಒಂದು ಹಿಡಿ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಸ್‌ಡಿಎಂಸಿ. ಅದರ ಅಧ್ಯಕ್ಷರು ಆ ಶಾಲೆಯ ಮಗುವೊಂದರ ತಂದೆಯೋ ತಾಯಿಯೋ ಆಗಿರುತ್ತಾರೆ. ಹೆಚ್ಚಿನ ಸಮಿತಿಗಳ ಸಭೆ ಕಾಂಪೌಂಡು, ಬಣ್ಣ, ಶೌಚಾಲಯದ ಬಾಗಿಲಿನ ಸುತ್ತ ಮುಗಿಯುತ್ತದೆ. ಅವೂ ಬೇಕು, ಬಾಗಿಲಂತೂ ಖಂಡಿತ ಬೇಕು. ಆದರೆ ಕಳೆದ ತಿಂಗಳು ಶಾಲೆಯಲ್ಲಿ ಇಬ್ಬರೂ ಶಿಕ್ಷಕರು ಒಟ್ಟಿಗೆ ಇದ್ದದ್ದು ಎಷ್ಟು ದಿನ ಎಂದು ಕೇಳಿ ಬರೆದಿಟ್ಟುಕೊಳ್ಳುವ ಸಮಿತಿ ಅಪರೂಪ. ಹಾಗೆ ಬರೆದಿಟ್ಟ ಒಂದು ಹಾಳೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಜಿನ ಮೇಲೆ ಬಿದ್ದರೆ, ‘ಶಿಕ್ಷಕರಿಲ್ಲ’ ಎಂಬ ಹತ್ತು ಕೂಗಿಗಿಂತ ಹೆಚ್ಚು ತೂಕ. ಮೇಷ್ಟ್ರ ಮೇಲೆ ದೂರು ಹೇಳುವುದಕ್ಕಲ್ಲ. ಅವರನ್ನು ಶಾಲೆಯಲ್ಲೇ ಉಳಿಸಿಕೊಳ್ಳುವುದಕ್ಕೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ‘ಇವತ್ತು ಏನು ಹೇಳಿಕೊಟ್ಟರು?’ ಎಂದು ಕೇಳುವ ಬದಲು ‘ಇವತ್ತು ನೀನು ಯಾರಿಗೆ ಹೇಳಿಕೊಟ್ಟೆ?’ ಎಂದು ಒಮ್ಮೆ ಕೇಳಿ ನೋಡಬಹುದು. ಮೊದಲ ಪ್ರಶ್ನೆಗೆ ಮಕ್ಕಳ ಉತ್ತರ ಯಾವಾಗಲೂ ‘ಏನಿಲ್ಲ’. ಎರಡನೆಯದಕ್ಕೆ ಕೈಕಾಲು ತೊಳೆಯುವುದೂ ಮರೆತು ಮಾತು ಶುರುವಾಗುತ್ತದೆ.

ನಾಲ್ಕು ಗಂಟೆ ದಾಟಿದೆ. ಮಕ್ಕಳ ಕಣ್ಣು ಜಗಲಿಯ ಕಬ್ಬಿಣದ ತುಂಡಿನ ಮೇಲೆ. ಕೊನೆಯ ಗಂಟೆ ಬಡಿಯುವ ಅವಕಾಶ ಇವತ್ತು ಒಂದನೇ ತರಗತಿಗೆ ಸಿಕ್ಕಿದೆ. ಹುಡುಗನಿಗೆ ಕೈ ಎಟಕದು. ಐದನೆಯ ಹುಡುಗಿ ಅವನ ಸೊಂಟ ಹಿಡಿದು ಎತ್ತುತ್ತಾಳೆ, ಅವನು ಬಡಿದೇ ಬಡಿಯುತ್ತಾನೆ. ‘ಸಾಕು ಇಳಿಯೋ’ ಎಂದರೂ ಇಳಿಯುವ ಲಕ್ಷಣವಿಲ್ಲ. ಮೇಷ್ಟ್ರು ಅಕ್ಕಿಯ ಪುಸ್ತಕ ಮಡಚಿ ಎದ್ದುಬರುವ ಹೊತ್ತಿಗೆ ಅಂಗಳ ಖಾಲಿ. ಬೀಗ ಹಾಕಿದ ಹುಡುಗಿ ಬಾಗಿಲನ್ನು ಎರಡು ಸಲ ಎಳೆದು ನೋಡಿ, ಬೀಗದಕೈ ಗೊಂಚಲನ್ನು ಎದುರುಮನೆಯ ಮೊಳೆಗೆ ನೇತುಹಾಕಿ ಓಡುತ್ತಾಳೆ.